ಸ್ಲಾಟಿನಲ್ಲುಂಟು, ಲೆಕ್ಕಕ್ಕಿಲ್ಲ

ಮನೆಯ ಫೈರ್‌ವಾಲ್ ಸರ್ವರ್ ಎಂದರೆ ಎರಡು ಲ್ಯಾನ್ ಪೋರ್ಟುಗಳಿರುವ ಒಂದು ಸಾಧಾರಣ ಕಂಪ್ಯೂಟರ್. ಒಂದು ಪೋರ್ಟಿಗೆ ಹೊರಗಿನ ಇಂಟರ್‌ನೆಟ್ ಬಂದು ಸೇರುತ್ತದೆ, ಇನ್ನೊಂದರಿಂದ ಮನೆಯ ಸ್ವಿಚ್ಚಿಗೋ ವೈಫೈ ಪೆಟ್ಟಿಗೆಗೋ ಕೇಬಲ್ ಹೋಗುತ್ತದೆ. ಒಳಗೆ ಬರುವ, ಹೊರಗೆ ಹೋಗುವ ಪ್ರತಿಯೊಂದು ಪ್ಯಾಕೆಟ್ಟೂ ಈ ಯಂತ್ರದ ತಪಾಸಣೆಯನ್ನು ದಾಟಿಯೇ ಸಾಗಬೇಕು. ಇದಕ್ಕೆ ಬೇಕಾದ ತಂತ್ರಾಂಶ ಉಚಿತವಾಗಿಯೇ ಸಿಗುತ್ತದೆ. 2004ರಲ್ಲಿ ಮೊನೊವಾಲ್‌ನಿಂದ ಕವಲೊಡೆದ ಪಿಎಫ್‌ಸೆನ್ಸ್, 2015ರಲ್ಲಿ ಪಿಎಫ್‌ಸೆನ್ಸ್‌ನಿಂದ ಕವಲೊಡೆದ ಓಪಿಎನ್‌ಸೆನ್ಸ್ ಎರಡೂ ಫ್ರೀಬಿಎಸ್‌ಡಿ ಎಂಬ ಕಾರ್ಯಾಚರಣ ವ್ಯವಸ್ಥೆಯ ಮೇಲೆ ನಿಂತಿವೆ. ಐಪಿಫೈರ್ ಲಿನಕ್ಸ್ ಮೇಲೆ ನಿಂತಿದೆ. ಈ ವ್ಯತ್ಯಾಸ ಕಾರ್ಡಿನ ವಿಚಾರದಲ್ಲಿ ಮುಂದೆ ಮುಖ್ಯವಾಗುತ್ತದೆ.

ಹೈದರಾಬಾದಿನಲ್ಲಿ ಇಂಥ ಯಂತ್ರಕ್ಕೆ ಸಾಮಾನು ಕೊಳ್ಳುವ ಜಾಗವೆಂದರೆ ಸಿಕಂದರಾಬಾದಿನ ಪಾರ್ಕ್ ಲೇನ್‌ನಲ್ಲಿರುವ ಚೆನಾಯ್ ಟ್ರೇಡ್ ಸೆಂಟರ್. ಬೆಂಗಳೂರಿಗೆ ಎಸ್.ಪಿ. ರಸ್ತೆ ಹೇಗೋ ಅವಳಿ ನಗರಕ್ಕೆ ‘ಸಿಟಿಸಿ’ ಹಾಗೆ. ಕಚೇರಿಗಳು ಬಳಸಿ ಬಿಟ್ಟ ಡೆಲ್, ಎಚ್‌ಪಿ, ಲೆನೊವೊ ಡೆಸ್ಕ್‌ಟಾಪ್‌ಗಳು ಇಂಥ ಮಾರುಕಟ್ಟೆಗಳಲ್ಲಿ ಹೊಸದರ ಬೆಲೆಯ ಒಂದು ಪಾಲಿಗೆ ದೊರೆಯುತ್ತವೆ. ಫೈರ್‌ವಾಲ್ ಕೆಲಸಕ್ಕೆ ಇವು ಧಾರಾಳವಾಗಿ ಸಾಕು, ಆದರೆ ಮದರ್‌ಬೋರ್ಡಿನಲ್ಲಿ ಒಂದೇ ಲ್ಯಾನ್ ಪೋರ್ಟ್ ಇರುತ್ತದೆ. ಎರಡನೆಯದಕ್ಕಾಗಿ ಪ್ರತ್ಯೇಕ ಕಾರ್ಡು ಹಾಕಲೇಬೇಕು. ನಗರದಲ್ಲಿ 2017ರಲ್ಲೇ ಆಕ್ಟ್ ಫೈಬರ್‌ನೆಟ್ ಮನೆಗಳಿಗೆ ಗಿಗಾಬಿಟ್ ಸಂಪರ್ಕ ಕೊಡಲು ತೊಡಗಿದ ಮೇಲೆ ನೂರು ಮೆಗಾಬಿಟ್ಟಿನ ಹಳೆಯ ಕಾರ್ಡಿನಿಂದ ಕೆಲಸ ಸಾಗುವ ಕಾಲವೂ ಮುಗಿಯಿತು. ಹೀಗಾಗಿ ದೊಡ್ಡ ಸರ್ವರಿನಿಂದ ಕಳಚಿದ ಎರಡು ಅಥವಾ ನಾಲ್ಕು ಪೋರ್ಟಿನ ಇಂಟೆಲ್ ಕಾರ್ಡೋ, ಹೊಸ ರಿಯಲ್‌ಟೆಕ್ ಕಾರ್ಡೋ ಹಳೆಯ ಡೆಸ್ಕ್‌ಟಾಪಿನ ಸ್ಲಾಟಿಗೆ ಬಂದು ಕೂರುತ್ತದೆ.

ಎಷ್ಟೋ ಸಲ ಯಂತ್ರ ಶುರುವಾದಾಗ ಆ ಕಾರ್ಡು ಕಾಣುವುದಿಲ್ಲ. ಒಳಪೋರ್ಟು ಯಾವುದು, ಹೊರಪೋರ್ಟು ಯಾವುದು ಎಂದು ತಂತ್ರಾಂಶ ಕೇಳಬೇಕಾದಲ್ಲಿ ಒಂದೇ ಹೆಸರು ತೋರಿಸಿ ನಿಲ್ಲುತ್ತದೆ. ‘ಕಾರ್ಡ್ ಡಿಟೆಕ್ಟ್ ಆಗ್ತಿಲ್ಲ’ ಎಂಬ ಈ ಒಂದು ದೂರಿನ ಹಿಂದೆ ಬೇರೆ ಬೇರೆ ಸ್ಥಿತಿಗಳಿರಬಹುದು: ಕಾರ್ಡಿಗೂ ಮದರ್‌ಬೋರ್ಡಿಗೂ ವಿದ್ಯುತ್ ಮಟ್ಟದಲ್ಲೇ ಸಂಪರ್ಕವಾಗಿಲ್ಲ; ಸಂಪರ್ಕವಾಗಿದೆ, ಆದರೆ ಎಣಿಕೆಯಲ್ಲಿ ಬಂದಿಲ್ಲ; ಎಣಿಕೆಯಲ್ಲಿ ಬಂದಿದೆ, ಆದರೆ ಅದನ್ನು ನಡೆಸುವ ಡ್ರೈವರ್ ಇಲ್ಲ; ಡ್ರೈವರ್ ಇದೆ, ಆದರೆ ಕಾರ್ಡನ್ನು ಅದು ಒಪ್ಪಿಲ್ಲ; ಒಪ್ಪಿದೆ, ಆದರೆ ಹೆಸರು ಬೇರೆಯಾಗಿದೆ; ಎಲ್ಲವೂ ಸರಿಯಿದೆ, ಆದರೆ ಕೇಬಲ್ಲಿನ ಆಚೆ ತುದಿಯಿಂದ ಸದ್ದಿಲ್ಲ. ಇವು ಒಂದರ ಮೇಲೊಂದು ನಿಂತ ಮೆಟ್ಟಿಲುಗಳು. ಕೆಳಗಿನದು ಆಗದೆ ಮೇಲಿನದು ಆಗದು. ಏನು ಕೆಟ್ಟಿರಬಹುದು ಎಂಬ ಊಹೆಯನ್ನು ಬದಿಗಿಟ್ಟು, ಕೊನೆಯದಾಗಿ ಉತ್ತರ ಕೊಟ್ಟ ಮೆಟ್ಟಿಲು ಯಾವುದು ಎಂದು ನೋಡಿದರೆ ಹುಡುಕಾಟ ಅರ್ಧಕ್ಕರ್ಧ ಮುಗಿದಂತೆಯೇ.

ಇದು ಅರ್ಥವಾಗಬೇಕಾದರೆ ಕಂಪ್ಯೂಟರು ತನ್ನೊಳಗಿನ ಕಾರ್ಡುಗಳನ್ನು ಎಣಿಸುವ ಕ್ರಮ ತಿಳಿದಿರಬೇಕು. 1980ರ ದಶಕದ ಐಎಸ್ಎ ಸ್ಲಾಟುಗಳ ಕಾಲದಲ್ಲಿ ಎಣಿಕೆಯೇ ಇರಲಿಲ್ಲ. ಕಾರ್ಡಿನ ಮೇಲಿನ ಪುಟ್ಟ ಜಂಪರ್‌ಗಳನ್ನು ಕೈಯಾರೆ ಸರಿಸಿ ಅದರ ವಿಳಾಸವನ್ನೂ ಇಂಟರಪ್ಟ್ ಸಂಖ್ಯೆಯನ್ನೂ ನಿಗದಿ ಮಾಡಿ, ಅದೇ ಅಂಕಿಗಳನ್ನು ತಂತ್ರಾಂಶಕ್ಕೂ ತಿಳಿಸಬೇಕಿತ್ತು. ಎರಡು ಕಾರ್ಡುಗಳು ಒಂದೇ ಅಂಕಿ ಹಿಡಿದರೆ ಎರಡೂ ಕೈಕೊಡುತ್ತಿದ್ದವು. 1992ರಲ್ಲಿ ಇಂಟೆಲ್ ತಂದ ಪಿಸಿಐ ವ್ಯವಸ್ಥೆ ಈ ಹೊರೆಯನ್ನು ಯಂತ್ರದ ಮೇಲೆಯೇ ಹಾಕಿತು. ಪ್ರತಿ ಕಾರ್ಡಿನಲ್ಲೂ 256 ಬೈಟುಗಳ ಒಂದು ಪರಿಚಯ ಪುಟ ಇರಬೇಕು. ಅದರ ಮೊದಲ 16 ಬಿಟ್ಟುಗಳಲ್ಲಿ ತಯಾರಕರ ಸಂಖ್ಯೆ, ಮುಂದಿನ 16ರಲ್ಲಿ ಆ ತಯಾರಕರು ಆ ಚಿಪ್ಪಿಗೆ ಕೊಟ್ಟ ಸಂಖ್ಯೆ ಇರಬೇಕು ಎಂಬುದು ನಿಯಮ. ಇಂಟೆಲ್ ಪಡೆದ ಸಂಖ್ಯೆ 8086. 1978ರ ತನ್ನ ಹೆಸರಾಂತ ಪ್ರೊಸೆಸರಿನ ಹೆಸರನ್ನೇ ಅದು ಉಳಿಸಿಕೊಂಡಿತು. ರಿಯಲ್‌ಟೆಕ್‌ನದು 10ಇಸಿ, ಬ್ರಾಡ್‌ಕಾಮ್‌ನದು 14ಇ4. ಇವು ಹದಿನಾರರ ಪದ್ಧತಿಯ ಅಂಕಿಗಳು, ಅಲ್ಲಿ ಹತ್ತರಿಂದ ಹದಿನೈದರವರೆಗೆ ಅಕ್ಷರ ಬಳಕೆಯಾಗುತ್ತದೆ.

ಯಂತ್ರ ಶುರುವಾದೊಡನೆ ಬಯೋಸ್ ಮೊದಲು, ಆಮೇಲೆ ಕಾರ್ಯಾಚರಣ ವ್ಯವಸ್ಥೆ, ಶಾಲೆಯಲ್ಲಿ ಮೇಷ್ಟ್ರು ಹಾಜರಿ ಕರೆದಂತೆ ಒಂದೊಂದೇ ವಿಳಾಸವನ್ನು ಕೂಗುತ್ತ ಹೋಗುತ್ತವೆ. ಬಸ್ ಎಂಬ ದಾರಿಗಳು ಹೆಚ್ಚೆಂದರೆ 256, ಪ್ರತಿ ದಾರಿಯಲ್ಲಿ 32 ಮನೆ, ಪ್ರತಿ ಮನೆಯಲ್ಲಿ 8 ಕೋಣೆ. ಪ್ರತಿಯೊಂದಕ್ಕೂ ‘ನಿನ್ನ ತಯಾರಕ ಸಂಖ್ಯೆ ಏನು’ ಎಂಬ ಪ್ರಶ್ನೆ ಹೋಗುತ್ತದೆ. ಕಾರ್ಡು ಇದ್ದರೆ ಅಂಕಿ ಹಿಂದಿರುಗುತ್ತದೆ. ಇಲ್ಲದಿದ್ದರೆ ‘ಇಲ್ಲ’ ಎಂದು ಹೇಳಲು ಅಲ್ಲಿ ಯಾರೂ ಇರುವುದಿಲ್ಲ. ಪ್ರಶ್ನೆಯನ್ನು ಯಾರೂ ಎತ್ತಿಕೊಳ್ಳಲಿಲ್ಲವೆಂದು ಗೊತ್ತಾದಾಗ ಮದರ್‌ಬೋರ್ಡಿನ ನಿಯಂತ್ರಕವೇ ಎಲ್ಲ ಬಿಟ್ಟುಗಳನ್ನೂ ಒಂದು ಮಾಡಿ, ಎಂದರೆ ಎಫ್ಎಫ್ಎಫ್ಎಫ್ ಎಂಬ ಅಂಕಿಯನ್ನು ತುಂಬಿ, ಪ್ರೊಸೆಸರಿಗೆ ಕೊಡುತ್ತದೆ. ಆ ಅಂಕಿಯನ್ನು ಯಾವ ತಯಾರಕರಿಗೂ ಹಂಚದೆ ಬಿಟ್ಟಿರುವುದು ಇದಕ್ಕಾಗಿಯೇ. ಖಾಲಿ ಸ್ಲಾಟಿಗೂ ಸತ್ತ ಕಾರ್ಡಿಗೂ ಅರ್ಧ ಕೂತ ಕಾರ್ಡಿಗೂ ಯಂತ್ರ ಪಡೆಯುವ ಉತ್ತರ ಒಂದೇ, ಎಲ್ಲವೂ ಒಂದು. ಈ ಮೂರನ್ನು ಬೇರ್ಪಡಿಸುವ ಶಕ್ತಿ ತಂತ್ರಾಂಶಕ್ಕೆ ಇಲ್ಲ. ಅದನ್ನು ಮನುಷ್ಯನೇ ಮಾಡಬೇಕು.

2003ರಲ್ಲಿ ಬಂದ ಪಿಸಿಐ ಎಕ್ಸ್‌ಪ್ರೆಸ್ ಈ ಹಾಜರಿಗೆ ಮೊದಲು ಇನ್ನೊಂದು ಹಂತವನ್ನು ಸೇರಿಸಿತು. ಹಳೆಯ ಪಿಸಿಐನಲ್ಲಿ ಎಲ್ಲ ಕಾರ್ಡುಗಳೂ ಒಂದೇ ತಂತಿಗುಚ್ಛವನ್ನು ಹಂಚಿಕೊಳ್ಳುತ್ತಿದ್ದವು. ಎಕ್ಸ್‌ಪ್ರೆಸ್‌ನಲ್ಲಿ ಪ್ರತಿ ಕಾರ್ಡಿಗೂ ತನ್ನದೇ ದಾರಿ: ಕಳಿಸಲು ಒಂದು ಜೋಡಿ ತಂತಿ, ಪಡೆಯಲು ಒಂದು ಜೋಡಿ. ಇಂಥ ಒಂದು ಸೆಟ್ಟಿಗೆ ಲೇನ್ ಎಂದು ಹೆಸರು. ಸ್ಲಾಟಿನಲ್ಲಿ ಏನಾದರೂ ಇದೆಯೇ ಎಂದು ತಿಳಿಯಲು ಮದರ್‌ಬೋರ್ಡು ತನ್ನ ಕಡೆಯ ತಂತಿಯ ವೋಲ್ಟೇಜನ್ನು ತಟ್ಟನೆ ಬದಲಿಸಿ, ಅದು ಏರಲು ಎಷ್ಟು ಹೊತ್ತು ಹಿಡಿಯಿತು ಎಂದು ಅಳೆಯುತ್ತದೆ. ಆಚೆ ಕಡೆ ಕಾರ್ಡಿದ್ದರೆ ನಡುವಿನ ಕೆಪಾಸಿಟರು ತುಂಬಬೇಕಾದ್ದರಿಂದ ಏರಿಕೆ ನಿಧಾನ. ಏನೂ ಇಲ್ಲದಿದ್ದರೆ ಬೇಗ. ಇದ್ದಾರೆಂದು ಗೊತ್ತಾದ ಮೇಲೆ ಎರಡೂ ಕಡೆಯವರು ಗೊತ್ತುಪಡಿಸಿದ ಮಾದರಿಯ ಸಂಕೇತಗಳನ್ನು ವಿನಿಮಯ ಮಾಡಿಕೊಂಡು ವೇಗವನ್ನೂ ಲೇನುಗಳ ಸಂಖ್ಯೆಯನ್ನೂ ಒಪ್ಪಂದ ಮಾಡಿಕೊಳ್ಳುತ್ತಾರೆ. ಇದೆಲ್ಲ ಕಣ್ಣೆವೆ ಇಕ್ಕುವಷ್ಟರಲ್ಲಿ ಮುಗಿಯುತ್ತದೆ. ಇದು ಕೈಗೂಡದಿದ್ದರೆ ಹಾಜರಿ ಕರೆಯುವಾಗ ಆ ಕಾರ್ಡು ತರಗತಿಯಲ್ಲೇ ಇರುವುದಿಲ್ಲ.

ಆದ್ದರಿಂದ ಮೊದಲ ಪರೀಕ್ಷೆ ಒಂದೇ ಆಜ್ಞೆಯದು. ಲಿನಕ್ಸ್‌ನಲ್ಲಿ ಎಲ್‌ಎಸ್‌ಪಿಸಿಐ, ಫ್ರೀಬಿಎಸ್‌ಡಿಯಲ್ಲಿ ಪಿಸಿಐಕಾನ್ಫ್. ಎರಡೂ ಹಾಜರಿ ಪುಸ್ತಕವನ್ನೇ ತೋರಿಸುತ್ತವೆ, ಡ್ರೈವರ್ ಇರಲಿ ಬಿಡಲಿ. ಇಲ್ಲಿ ಕಾರ್ಡಿನ ಸಾಲು ಇದೆಯೇ ಇಲ್ಲವೇ ಎಂಬುದು ಸಮಸ್ಯೆಯನ್ನು ಎರಡಾಗಿ ಸೀಳುತ್ತದೆ. ಸಾಲು ಇಲ್ಲದಿದ್ದರೆ ಡ್ರೈವರ್ ಹುಡುಕುವುದು, ತಂತ್ರಾಂಶವನ್ನು ಮತ್ತೆ ಮತ್ತೆ ಸ್ಥಾಪಿಸುವುದು ಪೂರಾ ವ್ಯರ್ಥ ಕೆಲಸ. ಸಾಲು ಇದ್ದರೆ ಪೆಟ್ಟಿಗೆ ಬಿಚ್ಚಿ ಕಾರ್ಡು ಉಜ್ಜುವುದು ಅಷ್ಟೇ ವ್ಯರ್ಥ. ಹೊಸಬರು ಕಳೆದುಕೊಳ್ಳುವ ಸಂಜೆಗಳಲ್ಲಿ ಹೆಚ್ಚಿನವು ಈ ಎರಡನ್ನು ಅದಲುಬದಲು ಮಾಡಿದ್ದರಿಂದಲೇ ಹೋಗುತ್ತವೆ. ಹಾರ್ಡ್‌ಡಿಸ್ಕಿನ ಫೈರ್‌ವಾಲನ್ನು ಮುಟ್ಟದೆ, ಪೆನ್‌ಡ್ರೈವಿನಿಂದ ಯಾವುದಾದರೂ ಹೊಸ ಲಿನಕ್ಸ್ ಶುರುಮಾಡಿಯೂ ಇದೇ ಪಟ್ಟಿಯನ್ನು ನೋಡಬಹುದು.

ಸಾಲು ಇಲ್ಲದಿರುವ ಪ್ರಕರಣವೇ ಹೆಚ್ಚು ಕಾಡುವುದು. ಇಲ್ಲಿ ಮೊದಲು ಮಾಡಬೇಕಾದದ್ದು ಯಂತ್ರವನ್ನು ನಿಜವಾಗಿ ಆರಿಸುವುದು. ಆಫ್ ಮಾಡಿದ ಡೆಸ್ಕ್‌ಟಾಪಿನಲ್ಲೂ ವಿದ್ಯುತ್ ಪೂರೈಕೆಯ ಪೆಟ್ಟಿಗೆ ಐದು ವೋಲ್ಟಿನ ಒಂದು ಸಣ್ಣ ಧಾರೆಯನ್ನು ಹರಿಸುತ್ತಲೇ ಇರುತ್ತದೆ. ದೂರದಿಂದ ಎಬ್ಬಿಸುವ ಸೌಲಭ್ಯಕ್ಕಾಗಿ ಲ್ಯಾನ್ ಚಿಪ್ಪು ಅರ್ಧ ಎಚ್ಚರದಲ್ಲಿರುತ್ತದೆ. ಚಿಪ್ಪು ಕೆಟ್ಟ ಸ್ಥಿತಿಯಲ್ಲಿ ಸಿಕ್ಕಿಕೊಂಡಿದ್ದರೆ ರೀಸ್ಟಾರ್ಟ್ ಎಷ್ಟು ಸಲ ಮಾಡಿದರೂ ಅದು ಅಲ್ಲೇ ಇರುತ್ತದೆ. ಗೋಡೆಯ ಪ್ಲಗ್ಗನ್ನೇ ಕಿತ್ತು, ಪವರ್ ಬಟನ್ನನ್ನು ಕೆಲವು ಸೆಕೆಂಡು ಒತ್ತಿ ಹಿಡಿದು, ಉಳಿದ ಚಾರ್ಜು ಇಳಿದ ಮೇಲೆ ಮತ್ತೆ ಕೊಡಬೇಕು.

ಅದರಿಂದ ಬಗೆಹರಿಯದಿದ್ದರೆ ಕಾರ್ಡನ್ನು ಕಳಚಿ ನೋಡಬೇಕಾಗುತ್ತದೆ. ಸಣ್ಣ ಮೈಯ ಡೆಸ್ಕ್‌ಟಾಪುಗಳಿಗೆ ಗಿಡ್ಡ ಪಟ್ಟಿಯ ಕಾರ್ಡೇ ಬೇಕು. ಉದ್ದ ಪಟ್ಟಿಯನ್ನು ಬಗ್ಗಿಸಿ ಕೂರಿಸಿದರೆ ಸ್ಕ್ರೂ ಬಿಗಿದಂತೆಲ್ಲ ಕಾರ್ಡಿನ ಹಿಂತುದಿ ಕೂದಲೆಳೆಯಷ್ಟು ಮೇಲೇಳುತ್ತದೆ, ಕೆಲವು ಸಂಪರ್ಕಗಳು ತಪ್ಪುತ್ತವೆ. ಹೈದರಾಬಾದಿನ ಬೇಸಿಗೆಯ ಧೂಳು, ಮಳೆಗಾಲದ ತೇವ ಎರಡೂ ಸೇರಿ ಹಳೆಯ ಕಾರ್ಡಿನ ಅಂಚಿನ ಮೇಲೆ ಪದರ ಕಟ್ಟುವುದೂ ಉಂಟು. ಪೆನ್ಸಿಲ್ ರಬ್ಬರಿನಿಂದ ಆ ಅಂಚನ್ನು ಉಜ್ಜುವುದು ನಮ್ಮ ಅಂಗಡಿಗಳಲ್ಲಿ ಎಲ್ಲರೂ ಬಲ್ಲ ಉಪಾಯ. ಅದು ಕೆಲಸ ಮಾಡುತ್ತದೆ, ಆದರೆ ರಬ್ಬರಿನಲ್ಲಿರುವ ಒರಟು ಕಣಗಳು ಚಿನ್ನದ ತೆಳು ಲೇಪವನ್ನೂ ಸವೆಸುತ್ತವೆ. ಐಸೊಪ್ರೊಪೈಲ್ ಆಲ್ಕೊಹಾಲಿನಲ್ಲಿ ತೇವಗೊಳಿಸಿದ, ಎಳೆ ಉದುರದ ಬಟ್ಟೆ ಮೇಲು.

ಸ್ಲಾಟುಗಳ ಗಾತ್ರ ಕಣ್ಣಿಗೆ ಹೇಳುವುದು ಪೂರ್ತಿ ನಿಜವಲ್ಲ. ಹದಿನಾರು ಲೇನಿನಷ್ಟು ಉದ್ದದ ಸ್ಲಾಟಿನಲ್ಲಿ ನಾಲ್ಕೇ ಲೇನಿಗೆ ತಂತಿ ಎಳೆದಿರಬಹುದು. ಕಾರ್ಡು ಅದನ್ನು ಸಹಿಸಿಕೊಳ್ಳುತ್ತದೆ, ಕಡಿಮೆ ಲೇನಿನಲ್ಲೇ ಒಪ್ಪಂದ ಮಾಡಿಕೊಳ್ಳುತ್ತದೆ. ಆದರೆ ಕೆಲವು ಬೋರ್ಡುಗಳಲ್ಲಿ ಒಂದು ಸ್ಲಾಟು ಎಂ.2 ಎಸ್‌ಎಸ್‌ಡಿಯೊಂದಿಗೆ ಲೇನುಗಳನ್ನು ಹಂಚಿಕೊಂಡಿರುತ್ತದೆ. ಎಸ್‌ಎಸ್‌ಡಿ ಹಾಕಿದ ಕ್ಷಣವೇ ಆ ಸ್ಲಾಟು ನಿಷ್ಕ್ರಿಯ. ಕಾರ್ಡೂ ಚೆನ್ನಾಗಿದೆ, ಸ್ಲಾಟೂ ಚೆನ್ನಾಗಿದೆ, ನಡುವೆ ದಾರಿಯೇ ಇಲ್ಲ. ಇದು ಮದರ್‌ಬೋರ್ಡಿನ ಕೈಪಿಡಿಯಲ್ಲಿ ಸಣ್ಣ ಅಕ್ಷರದಲ್ಲಿ ಬರೆದಿರುತ್ತದೆ, ಬೇರೆಲ್ಲೂ ಇರುವುದಿಲ್ಲ. ಕೈಪಿಡಿಯ ಆ ಒಂದು ಕೋಷ್ಟಕವನ್ನು ಓದಲು ಹಿಡಿಯುವ ಐದು ನಿಮಿಷ ಯಾವ ಉಪಕರಣಕ್ಕೂ ಕಡಿಮೆಯಲ್ಲ.

ಬಯೋಸ್‌ನಲ್ಲಿ ನೋಡಬೇಕಾದ ವಿಷಯಗಳು ಕೆಲವೇ. ಆ ಸ್ಲಾಟು ಅಥವಾ ಬೋರ್ಡಿನಲ್ಲೇ ಇರುವ ಲ್ಯಾನ್ ಆಫ್ ಆಗಿದೆಯೇ? ಫಾಸ್ಟ್ ಬೂಟ್ ಆನ್ ಇದೆಯೇ? ಪಿಸಿಐ ಎಕ್ಸ್‌ಪ್ರೆಸ್ ನಿಯಮದ ಪ್ರಕಾರ ರೀಸೆಟ್ ಸಂಕೇತ ತೆರವಾದ ಮೇಲೆ ತಂತ್ರಾಂಶ ಕನಿಷ್ಠ 100 ಮಿಲಿಸೆಕೆಂಡು ಕಾದು ಆಮೇಲೆ ಮೊದಲ ಪ್ರಶ್ನೆ ಕೇಳಬೇಕು. ಅಷ್ಟರೊಳಗೆ ಸಿದ್ಧವಾಗದ ಹಳೆಯ ಕಾರ್ಡುಗಳೂ ಇವೆ, ಅವಸರ ಮಾಡುವ ಬಯೋಸುಗಳೂ ಇವೆ. ಇದರ ಲಕ್ಷಣ ಸ್ಪಷ್ಟ: ಪ್ಲಗ್ ಹಾಕಿ ಶುರುಮಾಡಿದಾಗ ಕಾರ್ಡು ಕಾಣುವುದಿಲ್ಲ, ಅಲ್ಲಿಂದಲೇ ರೀಸ್ಟಾರ್ಟ್ ಮಾಡಿದರೆ ಕಾಣುತ್ತದೆ. ಸ್ಲಾಟಿನ ವೇಗ ‘ಆಟೊ’ದಲ್ಲಿದ್ದಾಗ ಒಪ್ಪಂದ ಮುರಿದುಬೀಳುವುದೂ ಉಂಟು, ಪಿಸಿಐ ಎಕ್ಸ್‌ಪ್ರೆಸ್‌ನ ಮೊದಲ ಅಥವಾ ಎರಡನೆಯ ಪೀಳಿಗೆಗೆ ಕಟ್ಟಿಹಾಕಿದರೆ ಕಾರ್ಡು ಎದ್ದು ಬರುತ್ತದೆ. ಮೊದಲ ಪೀಳಿಗೆಯ ಒಂದು ಲೇನು ಒಂದು ದಿಕ್ಕಿಗೆ ಎರಡು ಗಿಗಾಬಿಟ್ ಸಾಗಿಸುತ್ತದೆ. ಒಂದು ಪೋರ್ಟಿನ ಗಿಗಾಬಿಟ್ ಕಾರ್ಡಿಗೆ ಇದರಿಂದ ನಷ್ಟವೇನೂ ಇಲ್ಲ.

ಹಳೆಯ ಡೆಸ್ಕ್‌ಟಾಪಿನ ವಿಷಯದಲ್ಲಿ ಇನ್ನೊಂದು ಅನುಮಾನವನ್ನು ಮರೆಯಬಾರದು. ಬಯೋಸ್‌ನ ಆಯ್ಕೆಗಳನ್ನು ನೆನಪಿಡಲು ಮದರ್‌ಬೋರ್ಡಿನ ಮೇಲೊಂದು ನಾಣ್ಯದಾಕಾರದ ಸಿಆರ್2032 ಬ್ಯಾಟರಿ ಇರುತ್ತದೆ. ಬಹಳಷ್ಟು ವರ್ಷ ಕಚೇರಿಯಲ್ಲಿ ದುಡಿದು ಬಂದ ಯಂತ್ರದಲ್ಲಿ ಅದು ಸೋತಿರುವುದು ಸಾಮಾನ್ಯ. ವಿದ್ಯುತ್ತು ಇರುವವರೆಗೆ ಏನೂ ಗೊತ್ತಾಗುವುದಿಲ್ಲ. ಮೇ ತಿಂಗಳ ಗಾಳಿಮಳೆಗೆ ಕರೆಂಟು ಹೋಗಿ ಬಂದಾಗ ಕಟ್ಟಿಹಾಕಿದ್ದ ವೇಗ, ಆನ್ ಮಾಡಿದ್ದ ಸ್ಲಾಟು ಎಲ್ಲ ಕಾರ್ಖಾನೆಯ ಸ್ಥಿತಿಗೆ ಮರಳುತ್ತವೆ, ನಿನ್ನೆಯವರೆಗೆ ಇದ್ದ ಕಾರ್ಡು ಇಂದು ಮಾಯ. ಗಡಿಯಾರ ಹಲವು ವರ್ಷ ಹಿಂದಕ್ಕೆ ಜಾರಿರುವುದೇ ಇದರ ಗುರುತು.

ಸರ್ವರಿನಿಂದ ಕಳಚಿದ ಕಾರ್ಡುಗಳಿಗೆ ಅವುಗಳದೇ ಆದ ಒಂದು ಕಾಯಿಲೆಯಿದೆ. ಪಿಸಿಐ ಎಕ್ಸ್‌ಪ್ರೆಸ್ ಅಂಚಿನ ಬಿ5, ಬಿ6 ಎಂಬ ಎರಡು ಸಂಪರ್ಕಗಳು ತಾಪಮಾನ ಮುಂತಾದ ಆಡಳಿತದ ಮಾತುಕತೆಗೆ ಮೀಸಲು. ಸರ್ವರ್ ಕಾರ್ಡು ಅವುಗಳ ಮೇಲೆ ಮಾತಾಡಲು ಹೊರಟಾಗ ಕೆಲವು ಡೆಸ್ಕ್‌ಟಾಪ್ ಬೋರ್ಡುಗಳಲ್ಲಿ ಅದೇ ತಂತಿಯ ಮೇಲಿರುವ ಮೆಮೊರಿಯ ಮಾಹಿತಿಗೆ ಅಡ್ಡಿಯಾಗಿ ಯಂತ್ರವೇ ಶುರುವಾಗದೆ ನಿಲ್ಲುತ್ತದೆ. ಆ ಎರಡು ಸಂಪರ್ಕಗಳ ಮೇಲೆ ಶಾಖ ತಡೆಯುವ ತೆಳು ಕ್ಯಾಪ್ಟಾನ್ ಟೇಪು ಅಂಟಿಸಿ ಗೆದ್ದವರು ಬಹಳ ಜನ. ಎಣಿಸಿ, ಸರಿಯಾದ ಎರಡನ್ನೇ ಮುಚ್ಚಬೇಕು.

ಇಷ್ಟಾದರೂ ಸಾಲು ಮೂಡದಿದ್ದರೆ ತೀರ್ಪು ಕೊಡುವುದು ಅದಲುಬದಲು. ಇದೇ ಕಾರ್ಡು ಬೇರೆ ಯಂತ್ರದಲ್ಲಿ, ಇದೇ ಸ್ಲಾಟಿನಲ್ಲಿ ಬೇರೆ ಕಾರ್ಡು. ಎರಡು ಪ್ರಯೋಗ, ನಾಲ್ಕು ಸಾಧ್ಯತೆ, ಅಲ್ಲಿಗೆ ಕಾರ್ಡು ಅಥವಾ ಸ್ಲಾಟು ಎಂಬುದು ಖಚಿತ. ಕೊಳ್ಳುವ ಮುಂಚೆಯೇ ಅಂಗಡಿಯ ಯಂತ್ರದಲ್ಲಿ ಕಾರ್ಡು ಹಾಕಿಸಿ ಹಾಜರಿ ಪಟ್ಟಿ ನೋಡುವುದು ಇನ್ನೂ ಜಾಣತನ. ಹಳೆ ಸಾಮಾನಿನ ಮಾರುಕಟ್ಟೆಯಲ್ಲಿ ಹಾಗೆ ಕೇಳಿದರೆ ಯಾರೂ ಬೇಸರಿಸಬೇಕಿಲ್ಲ.

ಇನ್ನು ಸಾಲು ಇದ್ದೂ ಪೋರ್ಟು ಇಲ್ಲದ ಸ್ಥಿತಿ. ಫ್ರೀಬಿಎಸ್‌ಡಿ ಇಂಥ ಕಾರ್ಡಿನ ಮುಂದೆ ‘ನನ್’ ಎಂದೇ ಬರೆದಿರುತ್ತದೆ. ಲಿನಕ್ಸ್‌ನಲ್ಲಿ ಬಳಕೆಯಲ್ಲಿರುವ ಡ್ರೈವರಿನ ಹೆಸರು ಬರಬೇಕಾದಲ್ಲಿ ಸಾಲೇ ಇರುವುದಿಲ್ಲ. ಪ್ರತಿ ಡ್ರೈವರಿನೊಳಗೂ ತಾನು ಬಲ್ಲ ತಯಾರಕ ಮತ್ತು ಚಿಪ್ ಸಂಖ್ಯೆಗಳ ಪಟ್ಟಿ ಇರುತ್ತದೆ, ಕಾರ್ಡಿನ ಜೋಡಿ ಅಲ್ಲಿದ್ದರೆ ಮಾತ್ರ ಅದು ಮುಂದೆ ಬರುತ್ತದೆ. ಇಲ್ಲಿ ಫ್ರೀಬಿಎಸ್‌ಡಿ ಮತ್ತು ಲಿನಕ್ಸ್‌ಗಳ ವ್ಯತ್ಯಾಸ ಎದ್ದು ಕಾಣುತ್ತದೆ. ಎರಡೂವರೆ ಗಿಗಾಬಿಟ್ಟಿನ ರಿಯಲ್‌ಟೆಕ್ 8125 ಚಿಪ್ಪನ್ನು ಲಿನಕ್ಸ್ ತಾನಾಗಿಯೇ ಗುರುತಿಸುವಾಗ ಫ್ರೀಬಿಎಸ್‌ಡಿ ಆಧಾರಿತ ಫೈರ್‌ವಾಲ್‌ಗಳಲ್ಲಿ ಹಲವು ವರ್ಷ ಪ್ರತ್ಯೇಕ ಡ್ರೈವರ್ ಸೇರಿಸಬೇಕಾಗಿತ್ತು. ಓಪಿಎನ್‌ಸೆನ್ಸ್‌ನಲ್ಲಿ ಅದಕ್ಕೆಂದೇ ಒಂದು ಪ್ಲಗಿನ್ ಇದೆ. ಆದರೆ ಪ್ಲಗಿನ್ ಇಳಿಸಿಕೊಳ್ಳಲು ಇಂಟರ್‌ನೆಟ್ ಬೇಕು, ಇಂಟರ್‌ನೆಟ್ ಬರಬೇಕಾದದ್ದು ಅದೇ ಕಾರ್ಡಿನ ಮೂಲಕ. ಬೋರ್ಡಿನ ಪೋರ್ಟನ್ನೇ ತಾತ್ಕಾಲಿಕವಾಗಿ ಹೊರಗಿನ ಸಂಪರ್ಕಕ್ಕೆ ಕೊಟ್ಟು ಈ ಸುಳಿಯಿಂದ ಹೊರಬರಬಹುದು. ಮನೆಯ ಫೈರ್‌ವಾಲಿಗೆ ಇಂಟೆಲ್ ಕಾರ್ಡೇ ವಾಸಿ ಎಂಬ ಮಾತು ಹುಟ್ಟಿದ್ದಕ್ಕೆ ಇದೂ ಒಂದು ಕಾರಣ: ಐ350, 82576 ಮುಂತಾದ ಹಳೆಯ ಚಿಪ್ಪುಗಳ ಡ್ರೈವರು ಎರಡೂ ವ್ಯವಸ್ಥೆಗಳಲ್ಲಿ ಬಹುಕಾಲದಿಂದ ಪಳಗಿದೆ. ಆದರೆ ಅದೇ ಕಾರಣಕ್ಕೆ ಐ350ರ ನಕಲಿಗಳೂ ಮಾರುಕಟ್ಟೆಯಲ್ಲಿ ತುಂಬಿವೆ. ತೀರಾ ಅಗ್ಗವಾಗಿ ಸಿಕ್ಕಿದ ‘ಹೊಸ’ ನಾಲ್ಕು ಪೋರ್ಟಿನ ಕಾರ್ಡನ್ನು ಅನುಮಾನದಿಂದಲೇ ನೋಡಬೇಕು.

ಕೆಲವು ಚಿಪ್ಪುಗಳಿಗೆ ಡ್ರೈವರಿನ ಜೊತೆಗೆ ಫರ್ಮ್‌ವೇರ್ ಎಂಬ ಕಡತವೂ ಬೇಕು. ಸರ್ವರುಗಳಲ್ಲಿ ಹೆಚ್ಚಾಗಿ ಕಾಣುವ ಬ್ರಾಡ್‌ಕಾಮ್ ನೆಟ್‌ಎಕ್ಸ್‌ಟ್ರೀಮ್ 2 ಇಂಥದ್ದು. ಡೆಬಿಯನ್ ಲಿನಕ್ಸ್ ಮುಕ್ತವಲ್ಲದ ಫರ್ಮ್‌ವೇರನ್ನು ಅನುಸ್ಥಾಪನಾ ಮಾಧ್ಯಮದಲ್ಲೇ ಸೇರಿಸಿದ್ದು 2023ರ ಹನ್ನೆರಡನೆಯ ಆವೃತ್ತಿಯಲ್ಲಿ. ಅದಕ್ಕೂ ಮುಂಚಿನ ಆವೃತ್ತಿಗಳಲ್ಲಿ ಕಾರ್ಡು ಕಂಡೂ ಕೆಲಸಕ್ಕೆ ಬಾರದೆ ಕೂರುತ್ತಿತ್ತು. ಯಂತ್ರ ಶುರುವಾಗುವಾಗಿನ ದಾಖಲೆಯನ್ನು ಡಿಮೆಸ್‌ಜಿ ಆಜ್ಞೆಯಿಂದ ತೆರೆದರೆ ಯಾವ ಕಡತ ಸಿಗಲಿಲ್ಲವೆಂದು ಹೆಸರು ಸಮೇತ ಬರೆದಿರುತ್ತದೆ.

ಅದೇ ದಾಖಲೆಯಲ್ಲಿ ಒಮ್ಮೊಮ್ಮೆ ಹೆಚ್ಚು ಗಾಬರಿ ಹುಟ್ಟಿಸುವ ಸಾಲೊಂದು ಸಿಗುತ್ತದೆ: ಕಾರ್ಡಿನ ಶಾಶ್ವತ ಸ್ಮೃತಿಯ ಮೊತ್ತ ತಾಳೆಯಾಗುತ್ತಿಲ್ಲ. ಮ್ಯಾಕ್ ವಿಳಾಸ ಮುಂತಾದ ಗುರುತುಗಳನ್ನು ಕಾರ್ಡು ಒಂದು ಪುಟ್ಟ ಸ್ಮೃತಿಯಲ್ಲಿ ಇಟ್ಟುಕೊಂಡಿರುತ್ತದೆ. ಡ್ರೈವರು ಅದನ್ನು ಓದಿ ಕೂಡಿ ನೋಡಿ, ಲೆಕ್ಕ ತಪ್ಪಿದರೆ ಕಾರ್ಡನ್ನು ಒಪ್ಪದೆ ಹಿಂದೆ ಸರಿಯುತ್ತದೆ. ಇದರ ದೊಡ್ಡ ಪ್ರಕರಣ ನಡೆದದ್ದು 2008ರಲ್ಲಿ. ಆ ಸೆಪ್ಟೆಂಬರಿನಲ್ಲಿ ಲಿನಕ್ಸ್ 2.6.27ರ ಪರೀಕ್ಷಾ ಆವೃತ್ತಿಗಳನ್ನು ಹಾಕಿದ ಕೆಲವು ಯಂತ್ರಗಳಲ್ಲಿ ಇಂಟೆಲ್‌ನ ಇ1000ಇ ಡ್ರೈವರಿನಡಿ ನಡೆಯುವ ಲ್ಯಾನ್ ಚಿಪ್ಪುಗಳು ಒಂದೊಂದಾಗಿ ಕಣ್ಮರೆಯಾದವು. ಹಳೆಯ ಆವೃತ್ತಿಗೆ ಮರಳಿದರೂ ಅವು ವಾಪಸು ಬರಲಿಲ್ಲ, ಏಕೆಂದರೆ ಚಿಪ್ಪಿನ ಸ್ಮೃತಿಯೇ ಅಳಿಸಿಹೋಗಿತ್ತು. ಸಹಜವಾಗಿ ಅನುಮಾನವೆಲ್ಲ ಲ್ಯಾನ್ ಡ್ರೈವರಿನ ಮೇಲೆ ಬಿತ್ತು. ಕೊನೆಗೆ ಸಿಕ್ಕಿದ ಅಪರಾಧಿ ಲ್ಯಾನಿಗೆ ಸಂಬಂಧವೇ ಇಲ್ಲದ ಎಫ್‌ಟ್ರೇಸ್ ಎಂಬ ಪತ್ತೆಹಚ್ಚುವ ಸೌಲಭ್ಯ. ಅದು ಚಾಲನೆಯಲ್ಲಿರುವ ಕರ್ನಲಿನ ಸಂಕೇತವನ್ನು ಅಲ್ಲಲ್ಲಿ ತಿದ್ದುತ್ತಿತ್ತು. ತಾನು ಗುರುತು ಹಾಕಿಕೊಂಡ ಜಾಗ ಈಗಾಗಲೇ ಖಾಲಿಯಾಗಿ, ಅದೇ ವಿಳಾಸಕ್ಕೆ ಲ್ಯಾನ್ ಚಿಪ್ಪಿನ ರಿಜಿಸ್ಟರುಗಳು ಬಂದು ಕೂತಿರುವುದು ಅದಕ್ಕೆ ಗೊತ್ತಿರಲಿಲ್ಲ. ಮೆಮೊರಿಗೆಂದು ಬರೆದದ್ದು ಚಿಪ್ಪಿನ ಸ್ಮೃತಿಗೆ ಹೋಗಿ ಬಿತ್ತು. ಆ ಸೌಲಭ್ಯವನ್ನು 2.6.27.1ರಲ್ಲಿ ತಡೆಹಿಡಿಯಲಾಯಿತು. ಕಾರ್ಡಿನ ರೋಗಕ್ಕೆ ಕಾರಣ ಕಾರ್ಡಿನಲ್ಲೇ ಇರಬೇಕೆಂದಿಲ್ಲ ಎಂಬುದಕ್ಕೆ ಇದಕ್ಕಿಂತ ಒಳ್ಳೆಯ ಉದಾಹರಣೆ ಸಿಗುವುದು ಕಷ್ಟ.

ಶುರುವಿನಲ್ಲಿ ಸರಿಯಾಗಿದ್ದು ನಡುವೆ ಮಾಯವಾಗುವ ಕಾರ್ಡಿನ ಕತೆ ಬೇರೆ. ಆಗ ಎಲ್‌ಎಸ್‌ಪಿಸಿಐ ಪಟ್ಟಿಯಲ್ಲಿ ಸಾಲು ಹಾಗೇ ಇರುತ್ತದೆ, ಕೊನೆಯಲ್ಲಿ ಆವೃತ್ತಿ ಸಂಖ್ಯೆ ಮಾತ್ರ ಎಫ್ಎಫ್ ಎಂದಾಗಿರುತ್ತದೆ. ಹಾಜರಿ ಪುಸ್ತಕದಲ್ಲಿ ಹೆಸರು ಬರೆದ ಮೇಲೆ ಎದ್ದುಹೋದವರ ಗುರುತು ಅದು: ಮತ್ತೆ ಕೇಳಿದಾಗ ಬಂದದ್ದು ಎಲ್ಲವೂ ಒಂದು. ಮುಚ್ಚಿದ ಅಟ್ಟದ ಮೇಲೋ ಗಾಳಿಯಾಡದ ಕಪಾಟಿನಲ್ಲೋ ಇಟ್ಟ ಯಂತ್ರ ಹೈದರಾಬಾದಿನ ನಲವತ್ತು ಡಿಗ್ರಿ ದಾಟಿದ ಮಧ್ಯಾಹ್ನಗಳಲ್ಲಿ ಹೀಗೆ ಮಾಡಿದರೆ ಮೊದಲ ಅನುಮಾನ ಶಾಖದ ಮೇಲೆ. ಸರ್ವರ್ ಕಾರ್ಡುಗಳನ್ನು ಜೋರಾಗಿ ಬೀಸುವ ಫ್ಯಾನುಗಳ ನಡುವೆ ಇರಲೆಂದು ರೂಪಿಸಿರುತ್ತಾರೆ. ಸದ್ದಿಲ್ಲದ ಡೆಸ್ಕ್‌ಟಾಪಿನಲ್ಲಿ ಅವುಗಳ ಮೇಲೆ ಗಾಳಿಯೇ ಸುಳಿಯುವುದಿಲ್ಲ. ಎರಡನೆಯ ಅನುಮಾನ ವಿದ್ಯುತ್ ಉಳಿಸಲು ಲೇನನ್ನು ಮಲಗಿಸುವ ಎಎಸ್‌ಪಿಎಂ ಸೌಲಭ್ಯದ ಮೇಲೆ. ಇಂಟೆಲ್ 82574 ಚಿಪ್ಪು ಹಾಗೆ ಮಲಗಿ ಏಳಲು ತೊಡಕು ಮಾಡುವುದರಿಂದ ಲಿನಕ್ಸ್ ಡ್ರೈವರೇ ಅದಕ್ಕೆ ಆ ಸೌಲಭ್ಯವನ್ನು ನಿರಾಕರಿಸುತ್ತದೆ. ಇದೇ ಮನೆತನದ 82574ಎಲ್ ಚಿಪ್ಪಿನ ಬಗ್ಗೆ 2013ರಲ್ಲಿ ಕ್ರಿಸ್ಟಿಯನ್ ಕೀಲ್‌ಹಾಫ್ನರ್ ಬಯಲಿಗೆ ತಂದ ಸಂಗತಿ ಇನ್ನೂ ವಿಚಿತ್ರ: ನಿರ್ದಿಷ್ಟ ಸ್ಥಾನದಲ್ಲಿ ನಿರ್ದಿಷ್ಟ ಬೈಟು ಇರುವ ಒಂದೇ ಒಂದು ಪ್ಯಾಕೆಟ್ಟು ಒಳಬಂದರೆ ಕೆಲವು ಬೋರ್ಡುಗಳಲ್ಲಿ ಚಿಪ್ಪು ಸತ್ತಂತಾಗುತ್ತಿತ್ತು, ವಿದ್ಯುತ್ತನ್ನು ಪೂರ್ತಿ ತೆಗೆದು ಕೊಟ್ಟಾಗ ಮಾತ್ರ ಏಳುತ್ತಿತ್ತು. ಒಂದು ತಯಾರಕರ ಬೋರ್ಡಿನ ಸ್ಮೃತಿಯಲ್ಲಿ ತಪ್ಪಾಗಿ ಬರೆದ ಮಾಹಿತಿಯೇ ಕಾರಣವೆಂದು ಇಂಟೆಲ್ ಆಮೇಲೆ ತಿಳಿಸಿತು.

ಡ್ರೈವರು ಒಪ್ಪಿಕೊಂಡ ಮೇಲೆ ಹೆಸರಿನ ಸರದಿ. ಫ್ರೀಬಿಎಸ್‌ಡಿ ಡ್ರೈವರಿನ ಹೆಸರನ್ನೇ ಪೋರ್ಟಿಗೂ ಕೊಡುತ್ತದೆ: ರಿಯಲ್‌ಟೆಕ್‌ಗೆ ಆರ್‌ಇ0, ಇಂಟೆಲ್‌ಗೆ ಇಎಂ0 ಅಥವಾ ಐಜಿಬಿ0. ಹಳೆಯ ಲಿನಕ್ಸ್ ಸಿಕ್ಕಿದ ಕ್ರಮದಲ್ಲಿ ಇಟಿಎಚ್0, ಇಟಿಎಚ್1 ಎನ್ನುತ್ತಿತ್ತು. ಈ ಕ್ರಮ ಒಂದು ಶುರುವಿನಿಂದ ಇನ್ನೊಂದಕ್ಕೆ ಬದಲಾಗಬಹುದಿತ್ತು. 2013ರಲ್ಲಿ ಲಿನಕ್ಸ್‌ನ ಸಿಸ್ಟಂಡಿ ಎಂಬ ತಂತ್ರಾಂಶ ಕಾರ್ಡಿನ ಸ್ಥಾನವನ್ನೇ ಹೆಸರಾಗಿಸಿತು, ಇಎನ್‌ಪಿ3ಎಸ್0 ಎಂದರೆ ಮೂರನೆಯ ಬಸ್ಸಿನ ಸೊನ್ನೆಯ ಸ್ಲಾಟು. ಆದರೆ ಹೊಸದೊಂದು ಎಸ್‌ಎಸ್‌ಡಿ ಸೇರಿಸಿದರೆ ಬಸ್ಸುಗಳ ಎಣಿಕೆಯೇ ಸರಿದು, ಮೂರು ನಾಲ್ಕಾಗಬಹುದು. ಹಳೆಯ ಹೆಸರನ್ನು ನೆಚ್ಚಿದ ಸಂರಚನೆ ‘ಕಾರ್ಡು ಇಲ್ಲ’ ಎನ್ನುತ್ತದೆ, ಕಾರ್ಡು ಹೊಸ ಹೆಸರಿನಲ್ಲಿ ಪಕ್ಕದಲ್ಲೇ ಇರುತ್ತದೆ.

ಬೇರೆ ಕಂಪ್ಯೂಟರಿನಲ್ಲಿ ಇದು ಕಿರಿಕಿರಿ ಅಷ್ಟೆ. ಫೈರ್‌ವಾಲಿನಲ್ಲಿ ಅಪಾಯ. ಒಳಗಿನವರಿಗೆಂದು ಬರೆದ ಸಡಿಲ ನಿಯಮಗಳು ಪೋರ್ಟಿನ ಹೆಸರಿಗೆ ಅಂಟಿಕೊಂಡಿರುತ್ತವೆ. ಹೆಸರುಗಳು ಅದಲುಬದಲಾದರೆ ಆ ಸಡಿಲ ನಿಯಮಗಳೇ ಹೊರಗಿನ ಪೋರ್ಟಿಗೆ ಅನ್ವಯವಾಗಿ, ಆಡಳಿತದ ಪುಟ ಇಡೀ ಇಂಟರ್‌ನೆಟ್ಟಿಗೆ ತೆರೆದುಕೊಳ್ಳಬಹುದು. ಪಿಎಫ್‌ಸೆನ್ಸ್ ಸಂರಚನೆಯಲ್ಲಿರುವ ಪೋರ್ಟು ಯಂತ್ರದಲ್ಲಿ ಕಾಣದಿದ್ದರೆ ಮುಂದೆ ಹೋಗದೆ ಹೊಂದಾಣಿಕೆಯಿಲ್ಲವೆಂದು ನಿಂತು ಪ್ರಶ್ನೆ ಕೇಳುವುದು ಇದಕ್ಕಾಗಿ. ಅಲ್ಲಿ ಅವಸರದಲ್ಲಿ ಏನೋ ಒಂದನ್ನು ಒತ್ತಿ ಮುಂದೆ ಸಾಗಬಾರದು. ಹೊರಗಿನ ಕೇಬಲ್ಲನ್ನು ಕಿತ್ತಿಟ್ಟು, ಯಾವ ಹೆಸರಿನ ಪೋರ್ಟಿಗೆ ಯಾವ ಮ್ಯಾಕ್ ವಿಳಾಸ ಎಂದು ಕಾರ್ಡಿನ ಮೇಲಿನ ಚೀಟಿಗೆ ತಾಳೆ ನೋಡಿಯೇ ಹೊಸದಾಗಿ ಹಂಚಬೇಕು. ಚೀಟಿ ಹರಿದಿದ್ದರೆ ಲಿನಕ್ಸ್‌ನಲ್ಲಿ ಇಥ್‌ಟೂಲ್ ಆಜ್ಞೆಯಿಂದ ಒಂದೊಂದೇ ಪೋರ್ಟಿನ ದೀಪವನ್ನು ಮಿಣುಕಿಸಿ ಗುರುತಿಸಬಹುದು.

ಕೊನೆಯ ಮೆಟ್ಟಿಲು ಕೇಬಲ್ಲಿನದು. ಲ್ಯಾನ್ ಚಿಪ್ಪಿನಲ್ಲಿ ಕಂಪ್ಯೂಟರಿನ ಕಡೆ ಮಾತಾಡುವ ಭಾಗ ಬೇರೆ, ಕೇಬಲ್ಲಿನ ಕಡೆ ಮಾತಾಡುವ ಭಾಗ ಬೇರೆ. ಎರಡನೆಯದೊಂದೇ ಸುಡುವುದೂ ಉಂಟು. ಹೈದರಾಬಾದಿನ ಎಷ್ಟೋ ಅಪಾರ್ಟ್‌ಮೆಂಟುಗಳಲ್ಲಿ ಫೈಬರು ಕಟ್ಟಡದವರೆಗೆ ಬಂದು, ಅಲ್ಲಿನ ಸ್ವಿಚ್ಚಿನಿಂದ ಮನೆಮನೆಗೆ ತಾಮ್ರದ ಕೇಬಲ್ಲು ಹೊರಗೋಡೆಯ ಮೇಲೆ ಇಳಿಬಿಟ್ಟಿರುತ್ತಿತ್ತು. ಗುಡುಗು ಸಿಡಿಲಿನ ಸಂಜೆ ಅಂಥ ತಾಮ್ರದಲ್ಲಿ ಏಳುವ ವೋಲ್ಟೇಜು ಪೋರ್ಟಿನವರೆಗೂ ಬರುತ್ತದೆ. ಈಥರ್‌ನೆಟ್ ನಿಯಮದಂತೆ ಪೋರ್ಟಿನೊಳಗಿನ ಪುಟ್ಟ ಟ್ರಾನ್ಸ್‌ಫಾರ್ಮರು 1500 ವೋಲ್ಟಿನವರೆಗೆ ತಡೆಯುತ್ತದೆ; ಸಿಡಿಲಿಗೆ ಅದು ಯಾವ ಲೆಕ್ಕ. ಹೀಗೆ ಕೇಬಲ್ಲಿನ ಕಡೆಯ ಭಾಗ ಮಾತ್ರ ಸುಟ್ಟರೆ ಕಾರ್ಡು ಪಟ್ಟಿಯಲ್ಲಿ ಕಾಣುತ್ತದೆ, ಡ್ರೈವರು ಒಪ್ಪುತ್ತದೆ, ಹೆಸರೂ ಬರುತ್ತದೆ, ದೀಪ ಮಾತ್ರ ಹತ್ತುವುದಿಲ್ಲ. ಅಂಥ ಪೋರ್ಟಿಗೆ ರಿಪೇರಿ ಇಲ್ಲ. ಮನೆಯೊಳಗಿನವರೆಗೂ ಫೈಬರೇ ಬಂದಿರುವಲ್ಲಿ ಈ ದಾರಿಯ ಅಪಾಯ ಬಹುಮಟ್ಟಿಗೆ ತಪ್ಪಿದೆ, ಗಾಜಿನ ಎಳೆಯಲ್ಲಿ ವಿದ್ಯುತ್ತು ಹರಿಯುವುದಿಲ್ಲವಲ್ಲ.

ಹೊಸ ಕಾರ್ಡು ಹಾಕಿ, ದೀಪವೂ ಹತ್ತಿ, ಇಂಟರ್‌ನೆಟ್ ಮಾತ್ರ ಬರದಿದ್ದರೆ ಕಾರಣ ಮನೆಯ ಹೊರಗಿರಬಹುದು. ಕೆಲವು ಸೇವಾ ಕಂಪನಿಗಳು ಹಿಂದಿನ ಕಾರ್ಡಿನ ಮ್ಯಾಕ್ ವಿಳಾಸವನ್ನೇ ಗ್ರಾಹಕನ ಗುರುತಾಗಿ ಹಿಡಿದಿಟ್ಟಿರುತ್ತವೆ. ಫೋನ್ ಮಾಡಿ ಹೊಸದನ್ನು ನೋಂದಾಯಿಸಬೇಕು, ಇಲ್ಲವೇ ಫೈರ್‌ವಾಲಿನಲ್ಲಿ ಹಳೆಯ ವಿಳಾಸವನ್ನು ಹೊಸ ಪೋರ್ಟಿಗೆ ತೊಡಿಸಬೇಕು. ಪಿಎಫ್‌ಸೆನ್ಸ್ ಮತ್ತು ಓಪಿಎನ್‌ಸೆನ್ಸ್ ಎರಡರಲ್ಲೂ ಅದಕ್ಕೊಂದು ಜಾಗವಿದೆ.

ಕಾರ್ಡು ಒಮ್ಮೆ ಕಂಡಿತೆಂದ ಮಾತ್ರಕ್ಕೆ ಯಂತ್ರವನ್ನು ಅಟ್ಟಕ್ಕೇರಿಸಬಾರದು. ಪ್ಲಗ್ ಕಿತ್ತು ತಣ್ಣಗಿನ ಸ್ಥಿತಿಯಿಂದ ಶುರುಮಾಡಿದಾಗ, ಅಲ್ಲಿಂದ ರೀಸ್ಟಾರ್ಟ್ ಮಾಡಿದಾಗ, ಎರಡೂ ಬಗೆಯಲ್ಲಿ ಪಟ್ಟಿಗೆ ಬರಬೇಕು. ಆಮೇಲೆ ಎರಡು ಪೋರ್ಟುಗಳ ನಡುವೆ ಐಪರ್ಫ್‌ನಂಥ ಸಾಧನದಿಂದ ಕೆಲವು ಗಂಟೆ ಪೂರ್ಣ ವೇಗದ ದಟ್ಟಣೆ ಹರಿಸಿ, ಪೋರ್ಟಿನ ದೋಷಗಳ ಎಣಿಕೆ ಏರುತ್ತಿದೆಯೇ ಎಂದು ನೋಡಬೇಕು; ಈ ಪರೀಕ್ಷೆ ಮಧ್ಯಾಹ್ನದ ಬಿಸಿಲಿನ ಹೊತ್ತಿನಲ್ಲೇ, ಯಂತ್ರ ಮುಂದೆ ಇರಬೇಕಾದ ಜಾಗದಲ್ಲೇ ನಡೆಯಬೇಕು. ಎಣಿಕೆ ಸೊನ್ನೆಯಲ್ಲೇ ಉಳಿದರೆ ತಯಾರಕ ಸಂಖ್ಯೆ, ಚಿಪ್ ಸಂಖ್ಯೆ, ಮ್ಯಾಕ್ ವಿಳಾಸ, ಸ್ಲಾಟು, ಬದಲಿಸಿದ ಬಯೋಸ್ ಆಯ್ಕೆಗಳು ಇಷ್ಟನ್ನು ಒಂದು ಹಾಳೆಯಲ್ಲಿ ಬರೆದು ಪೆಟ್ಟಿಗೆಯ ಒಳಬದಿಗೆ ಅಂಟಿಸಿ, ಹೊರಗಿನ ಕೇಬಲ್ಲನ್ನು ಸಿಕ್ಕಿಸಬಹುದು.